ಉಬ್ಬಿದ ನರ ಕಾಣಿಸುತ್ತೆ, ಕಣಕಾಲಿನ ಕಲೆ ಕಾಣಿಸಲ್ವಾ?

ಕಾಲಿನಲ್ಲಿ ನರ ಉಬ್ಬಿದರೆ, ಅಂದರೆ ವೆರಿಕೋಸ್ ವೇನ್ಸ್ ಆದರೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದೇ ಕಾಲಿನ ಒಳಮಗ್ಗುಲಲ್ಲಿ, ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ, ಚರ್ಮ ನಿಧಾನವಾಗಿ ಕಂದುಬಣ್ಣಕ್ಕೆ ತಿರುಗುತ್ತಿರುವುದನ್ನು ಮನೆಯವರೂ ಗಮನಿಸುವುದಿಲ್ಲ. ಸೊಳ್ಳೆ ಕಚ್ಚಿದ್ದಿರಬೇಕು, ಚಪ್ಪಲಿ ಅಲರ್ಜಿ ಇರಬೇಕು, ವಯಸ್ಸಾಯಿತು ಅಂತ ಸುಮ್ಮನಾಗುತ್ತಾರೆ. ಆಮೇಲೆ ಅಲ್ಲಿ ನವೆ ಶುರುವಾಗುತ್ತದೆ. ಕೆರೆದರೆ ನೀರು ಒಸರುತ್ತದೆ. ಒಂದು ದಿನ ಮಂಚದ ಅಂಚೋ ಬೈಕಿನ ಸ್ಟ್ಯಾಂಡೋ ತಾಗಿ ಸಣ್ಣ ಗಾಯ ಆಗುತ್ತದೆ. ಆ ಗಾಯ ವರ್ಷವಾದರೂ ಮಾಗುವುದಿಲ್ಲ.

ಈ ಇಡೀ ದಾರಿಯಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ಕಂದು ಕಲೆಯ ಹಂತ. ನರ ಉಬ್ಬಿದ ಎಲ್ಲರಿಗೂ ಹುಣ್ಣಾಗುವುದಿಲ್ಲ. ಚರ್ಮದ ಬಣ್ಣ ಬದಲಾದವರು ಮಾತ್ರ ತಡಮಾಡಬಾರದು. ಏಕೆ ಅಂತ ತಿಳಿಯಬೇಕಾದರೆ ಕಾಲಿನ ರಕ್ತ ಮೇಲೆ ಹೋಗುವುದು ಹೇಗೆ ಅಂತ ನೋಡಬೇಕು.

ಹೃದಯ ತಳ್ಳಿದ ರಕ್ತ ಅಪಧಮನಿಗಳ ಮೂಲಕ ಪಾದದವರೆಗೆ ಇಳಿಯುತ್ತದೆ. ವಾಪಸ್ ಬರುವುದು ಅಭಿಧಮನಿಗಳಲ್ಲಿ. ನಾವು ಉಬ್ಬಿದ ನರ ಅನ್ನುವುದು ಇವನ್ನೇ. ಕಾಲಿನಲ್ಲಿ ಇವು ಎರಡು ಪದರದಲ್ಲಿವೆ. ಸ್ನಾಯುಗಳ ನಡುವೆ ಆಳದಲ್ಲಿರುವ ದೊಡ್ಡ ನಾಳಗಳು ಸುಮಾರು ಶೇಕಡ 90ರಷ್ಟು ರಕ್ತವನ್ನು ಒಯ್ಯುತ್ತವೆ. ಚರ್ಮದ ಕೆಳಗೇ ಇರುವ ನಾಳಗಳು ಉಳಿದ ಸ್ವಲ್ಪವನ್ನು ಒಯ್ಯುತ್ತವೆ. ಇವುಗಳಲ್ಲಿ ಉದ್ದದ್ದು ಗ್ರೇಟ್ ಸಫೀನಸ್. ಪಾದದ ಒಳಗಂಟಿನ ಮುಂದಿನಿಂದ ಹೊರಟು ತೊಡೆಸಂದಿನವರೆಗೆ ಹೋಗುತ್ತದೆ. ಚಿಕ್ಕದು ಮೀನಖಂಡದ ಹಿಂದೆ ಮೊಣಕಾಲಿನ ಮಡಿಕೆಯವರೆಗೆ ಏರುತ್ತದೆ. ಎರಡು ಪದರವನ್ನು ಸೇರಿಸುವ ಸಣ್ಣ ನಾಳಗಳು ಅಲ್ಲಲ್ಲಿ ಇವೆ.

ನಿಂತಿರುವಾಗ ಹೃದಯಕ್ಕೂ ಪಾದಕ್ಕೂ ಹೆಚ್ಚುಕಡಿಮೆ ನಾಲ್ಕು ಅಡಿ ಅಂತರ. ಅಷ್ಟು ಎತ್ತರದ ರಕ್ತದ ಭಾರ ಕಣಕಾಲಿನ ನಾಳದ ಮೇಲೆ ಬೀಳುತ್ತದೆ. ಬಿಪಿ ಅಳೆಯುವ ಅದೇ ಅಳತೆಯಲ್ಲಿ ಹೇಳುವುದಾದರೆ, ಸುಮ್ನೆ ನಿಂತವರ ಕಣಕಾಲಿನ ಅಭಿಧಮನಿಯಲ್ಲಿ 80ರಿಂದ 90 ಒತ್ತಡ ಇರುತ್ತದೆ. ಇದು ಎಲ್ಲರಿಗೂ ಇರುವುದೇ. ಆರೋಗ್ಯವಂತರು ನಡೆಯಲು ಶುರು ಮಾಡಿದ ಕೂಡಲೇ ಮೀನಖಂಡದ ಸ್ನಾಯು ಒಳಗಿನ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಆ ಒತ್ತಡ 20–30ಕ್ಕೆ ಇಳಿದುಬಿಡುತ್ತದೆ.

ಮೇಲೆ ಹೋದ ರಕ್ತ ಮತ್ತೆ ಕೆಳಗೆ ಜಾರದಂತೆ ತಡೆಯುವುದು ನಾಳದೊಳಗಿನ ಕವಾಟಗಳು. ಇಟಲಿಯ ಪಾದುವಾದಲ್ಲಿ ಪಾಠ ಹೇಳುತ್ತಿದ್ದ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳ ಬಗ್ಗೆ ಚಿತ್ರಸಮೇತ ಪ್ರಕಟಿಸಿದರು. ಅವು ಏಕಿವೆ ಅಂತ ಸರಿಯಾಗಿ ಹೇಳಿದವರು ಅವರ ಶಿಷ್ಯ ವಿಲಿಯಂ ಹಾರ್ವೆ, 1628ರಲ್ಲಿ. ಹಾರ್ವೆ ತೋರಿಸಿದ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು. ಕೈ ಕೆಳಗೆ ಇಳಿಬಿಟ್ಟು ಮುಂಗೈಯಲ್ಲಿ ಒಂದು ನೇರವಾದ ನರ ಹುಡುಕಿ. ಮಣಿಕಟ್ಟಿನ ಕಡೆ ಒಂದು ಬೆರಳಿಂದ ಒತ್ತಿಹಿಡಿಯಿರಿ. ಇನ್ನೊಂದು ಬೆರಳಿಂದ ಆ ನರವನ್ನು ಮೊಣಕೈ ಕಡೆಗೆ ಸವರಿ, ಬೆರಳು ತೆಗೆಯಿರಿ. ಕವಾಟ ಇರುವ ಜಾಗದವರೆಗೆ ನರ ಚಪ್ಪಟೆಯಾಗೇ ಉಳಿಯುತ್ತದೆ. ಮೇಲಿನಿಂದ ಒಂದು ಹನಿಯೂ ಇಳಿಯುವುದಿಲ್ಲ. ಈಗ ಮಣಿಕಟ್ಟಿನ ಕಡೆಯ ಬೆರಳು ಎತ್ತಿದರೆ ಕೆಳಗಿನಿಂದ ತಟ್ಟನೆ ತುಂಬಿಕೊಳ್ಳುತ್ತದೆ. ರಕ್ತಕ್ಕೆ ಇಲ್ಲಿ ಒಂದೇ ದಿಕ್ಕು.

ಕಾಲಿನಲ್ಲಿ ಕೆಡುವುದು ಇದೇ ವ್ಯವಸ್ಥೆ. ನಾಳದ ಗೋಡೆ ಸಡಿಲವಾಗಿ ಹಿಗ್ಗಿದರೆ ಕವಾಟದ ಎರಡು ಎಸಳುಗಳು ಒಂದಕ್ಕೊಂದು ಮುಟ್ಟುವುದಿಲ್ಲ. ರಕ್ತ ಹಿಂದಕ್ಕೆ ಜಾರುತ್ತದೆ. ಜಾರಿದ ರಕ್ತದ ಭಾರ ಕೆಳಗಿನ ಕವಾಟದ ಮೇಲೆ ಬೀಳುತ್ತದೆ, ಅದೂ ಸೋಲುತ್ತದೆ. ಕೆಲವರಲ್ಲಿ ಆಳದ ನಾಳದಲ್ಲಿ ಹಿಂದೆಂದೋ ರಕ್ತ ಹೆಪ್ಪುಗಟ್ಟಿ, ಹೆಪ್ಪು ಕರಗುವಾಗ ಕವಾಟಗಳನ್ನೂ ಹಾಳು ಮಾಡಿರುತ್ತದೆ. ಹೇಗೇ ಆಗಲಿ, ಫಲ ಒಂದೇ. ನಡೆದರೂ ಒತ್ತಡ ಇಳಿಯುವುದಿಲ್ಲ. 20–30ಕ್ಕೆ ಬರಬೇಕಾದ್ದು 60ರ ಮೇಲೇ ನಿಂತುಬಿಡಬಹುದು. ಹಗಲಿಡೀ, ವರ್ಷಗಟ್ಟಲೆ.

ಈ ಇಳಿಯದ ಒತ್ತಡವೇ ರೋಗ. ಉಬ್ಬಿದ ನರ ಅದರ ಒಂದು ಗುರುತು ಅಷ್ಟೆ.

ಒತ್ತಡಕ್ಕೆ ಸಣ್ಣ ಲೋಮನಾಳಗಳಿಂದ ಮೊದಲು ನೀರು ಸೋರುತ್ತದೆ. ಸಂಜೆ ಹೊತ್ತಿಗೆ ಪಾದ ಊದಿ, ಕಾಲುಚೀಲದ ಎಲಾಸ್ಟಿಕ್ ಗುರುತು ಆಳವಾಗಿ ಕೂತಿರುತ್ತದೆ. ಮಲಗಿ ಎದ್ದರೆ ಇಳಿದಿರುತ್ತದೆ. ಕಾಲು ಭಾರ, ಜೋಮು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಇವೆಲ್ಲ ಈ ಹಂತದವು. ಆಮೇಲೆ ಕೆಂಪು ರಕ್ತಕಣಗಳೂ ಹೊರಗೆ ಬೀಳುತ್ತವೆ. ಅವು ಒಡೆದು ಒಳಗಿನ ಕಬ್ಬಿಣದ ಅಂಶ ಚರ್ಮದಲ್ಲೇ ಉಳಿಯುತ್ತದೆ. ಕಂದು ಬಣ್ಣ ಅದರದ್ದು. ಹೊರಗಿನಿಂದ ಎಷ್ಟು ತಿಕ್ಕಿ ತೊಳೆದರೂ ಹೋಗಲ್ಲ. ಈ ಕಬ್ಬಿಣ ಅಲ್ಲಿ ಸುಮ್ಮನೆ ಕೂರುವುದಿಲ್ಲ, ಉರಿಯೂತ ಎಬ್ಬಿಸುತ್ತದೆ. ಚರ್ಮ ಒಣಗಿ ನವೆಯಾಗುತ್ತದೆ. ಕೆಳಗಿನ ಕೊಬ್ಬಿನ ಪದರ ಗಟ್ಟಿಯಾಗಿ ಬೆರಳಲ್ಲಿ ಒತ್ತಿದರೆ ಹಲಗೆ ಮುಟ್ಟಿದಂತಾಗುತ್ತದೆ. ಕಣಕಾಲು ಸಣ್ಣಗೆ ಬಿಗಿದು, ಅದರ ಮೇಲಿನ ಭಾಗ ದಪ್ಪಗಾಗುತ್ತದೆ. ಇಂಥ ಚರ್ಮಕ್ಕೆ ಸಣ್ಣ ಗೀರು ಸಾಕು, ಹುಣ್ಣಾಗಲು.

ಡಾಕ್ಟರ ರಿಪೋರ್ಟಿನಲ್ಲಿ ಸಿ1, ಸಿ2 ಅಂತ ಬರೆದಿರುವುದು ಈ ದಾರಿಯ ಮೈಲಿಗಲ್ಲುಗಳು. ಸಿ1 ಅಂದರೆ ಎಳೆಎಳೆಯಾದ ಕೆಂಪು–ನೀಲಿ ಗೆರೆಗಳು, ಬಹುಪಾಲು ಅಂದದ ಪ್ರಶ್ನೆ. ಸಿ2ರಲ್ಲಿ 3 ಮಿಲಿಮೀಟರಿಗಿಂತ ದಪ್ಪ ಉಬ್ಬಿದ ನರ. ಸಿ3 ಊತ, ಸಿ4 ಚರ್ಮದ ಬದಲಾವಣೆ, ಸಿ5 ಮಾಗಿದ ಹುಣ್ಣು, ಸಿ6 ಹಸಿ ಹುಣ್ಣು. ಸಿ4ಕ್ಕೆ ಬಂದಮೇಲೂ "ನೋವಿಲ್ಲವಲ್ಲ" ಅಂತ ಕೂರುವವರೇ ಜಾಸ್ತಿ. ನೋವು ಇಲ್ಲಿ ನಂಬಬಹುದಾದ ಅಳತೆಯೇ ಅಲ್ಲ.

ಯಾರಿಗೆ ಬರುತ್ತದೆ? ಹೆಂಗಸರಿಗೆ ಮಾತ್ರ ಅನ್ನುವ ಮಾತು ನಮ್ಮಲ್ಲಿ ಬಲವಾಗಿದೆ. 1999ರಲ್ಲಿ ಪ್ರಕಟವಾದ ಎಡಿನ್‌ಬರೋ ಊರಿನ ಅಧ್ಯಯನದಲ್ಲಿ 18ರಿಂದ 64 ವಯಸ್ಸಿನ 1,566 ಜನರ ಕಾಲು ಪರೀಕ್ಷಿಸಿದರು. ಮುಖ್ಯ ನಾಳ ಉಬ್ಬಿದವರು ಗಂಡಸರಲ್ಲಿ ಸುಮಾರು ಶೇಕಡ 40, ಹೆಂಗಸರಲ್ಲಿ ಶೇಕಡ 32. ಗಂಡಸರು ಪ್ಯಾಂಟಿನೊಳಗೆ ಮುಚ್ಚಿಕೊಂಡು ಡಾಕ್ಟರ ಹತ್ತಿರ ತಡವಾಗಿ ಹೋಗುತ್ತಾರೆ, ಅಷ್ಟೇ ವ್ಯತ್ಯಾಸ. ಮನೆತನದ ಪಾಲೂ ದೊಡ್ಡದು. ಅಪ್ಪ ಅಮ್ಮ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ತುಂಬಾ ಹೆಚ್ಚು. ವಯಸ್ಸು ಮತ್ತು ತೂಕ ಜೊತೆ ಸೇರುತ್ತವೆ. ಬಸಿರಿನಲ್ಲಿ ರಕ್ತದ ಪ್ರಮಾಣ ಏರುತ್ತದೆ, ಪ್ರೊಜೆಸ್ಟರಾನ್ ಹಾರ್ಮೋನು ನಾಳದ ಗೋಡೆಯನ್ನು ಸಡಿಲಿಸುತ್ತದೆ, ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ನಾಳಗಳನ್ನು ಒತ್ತುತ್ತದೆ. ಹೆರಿಗೆಯಾಗಿ ಕೆಲವು ತಿಂಗಳಲ್ಲಿ ಬಹಳಷ್ಟು ತಾನಾಗೇ ಇಳಿಯುವುದರಿಂದ ಆ ಸಮಯದಲ್ಲಿ ಆಪರೇಷನ್ ಮಾಡುವುದಿಲ್ಲ. ಬಿಗಿ ಕಾಲುಚೀಲ, ವಿಶ್ರಾಂತಿ, ಎಡಮಗ್ಗುಲಿಗೆ ಮಲಗುವುದು, ಇಷ್ಟರಲ್ಲೇ ನಿಭಾಯಿಸುತ್ತಾರೆ.

ಇನ್ನು ಕೆಲಸ. ಮದುವೆಮನೆಯ ಅಡುಗೆಯವರು, ಹೋಟೆಲ್ ಸಪ್ಲೈಯರ್, ಟ್ರಾಫಿಕ್ ಪೊಲೀಸ್, ಬಸ್ ಕಂಡಕ್ಟರ್, ಕ್ಷೌರಿಕರು, ನರ್ಸ್, ಟೀಚರ್, ಗೇಟಿನ ಸೆಕ್ಯೂರಿಟಿ. ದಿನವಿಡೀ ನಿಂತವರ ಕಣಕಾಲಿನ ಮೇಲೆ ಆ 80–90 ಒತ್ತಡ ಹಾಗೇ ಇರುತ್ತದೆ, ಏಕೆಂದರೆ ಮೀನಖಂಡ ಕೆಲಸ ಮಾಡುವುದು ನಡೆಯುವಾಗ, ನಿಂತಾಗ ಅಲ್ಲ. ಡೆನ್ಮಾರ್ಕಿನಲ್ಲಿ ಕೆಲಸಗಾರರನ್ನು 12 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2005ರಲ್ಲಿ ಬಂತು. ಕೆಲಸದ ಹೊತ್ತಿನಲ್ಲಿ ಹೆಚ್ಚುಪಾಲು ನಿಂತೇ ಇದ್ದ ಹೆಂಗಸರು ವೆರಿಕೋಸ್ ವೇನ್ಸ್‌ಗಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಉಳಿದವರಿಗಿಂತ ಸುಮಾರು 1.8 ಪಟ್ಟು ಇತ್ತು.

ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಆಸನ ಕೊಡಲೇಬೇಕು ಅಂದವು. ಚಿಕ್ಕಪೇಟೆಯ ಹಳೇ ಸೀರೆ ಅಂಗಡಿಗಳಲ್ಲಿ ಗಾದಿ ಮೇಲೆ ಕೂತೇ ಸೀರೆ ಬಿಡಿಸಿ ತೋರಿಸುವುದು ಇಂದಿಗೂ ಇದೆ. ವ್ಯಾಪಾರಕ್ಕೇನೂ ಅಡ್ಡಿಯಾಗಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಹುಡುಗಿಯರು ನಿಂತೇ ಇರಬೇಕು ಅನ್ನುವ ಶೋರೂಮ್ ಮಾಲೀಕರು ಅವರ ಕಾಲನ್ನು ಹಾಳು ಮಾಡುತ್ತಿದ್ದಾರೆ. ಒಂದೊಂದು ಸ್ಟೂಲಿಗೆ ಎಷ್ಟು ಖರ್ಚಾಗುತ್ತೆ ಹೇಳಿ?

ಕಾಲು ಊದಿದ್ದೆಲ್ಲ ಇದೇ ಅಲ್ಲ. ಎರಡೂ ಕಾಲು ಒಂದೇ ಸಮ ಊದಿದ್ದರೆ ಹೃದಯ, ಮೂತ್ರಪಿಂಡ, ಲಿವರ್, ಥೈರಾಯ್ಡ್ ಕಡೆ ನೋಡಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಊದುವುದುಂಟು. ಹಾಗಂತ ನೀವಾಗಿ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ. ಕರಾವಳಿ ಮತ್ತು ಕಲಬುರಗಿ ಕಡೆ ಆನೆಕಾಲು ರೋಗ ಇದ್ದ ಊರುಗಳಿವೆ. ಅದರಲ್ಲಿ ಪಾದದ ಮೇಲ್ಭಾಗ, ಬೆರಳುಗಳೂ ದಪ್ಪಗಾಗುತ್ತವೆ. ಎರಡನೇ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ಆಗುವುದಿಲ್ಲ. ಅಭಿಧಮನಿಯ ಊತದಲ್ಲಿ ಬೆರಳುಗಳು ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ.

ಒಂದೇ ಕಾಲು ಎರಡು ಮೂರು ದಿನದಲ್ಲಿ ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಿದ್ದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಎಣ್ಣೆ ಹಚ್ಚಿ ನೀವುವುದು, ಬಿಸಿ ಕೊಡುವುದು ಬೇಡವೇ ಬೇಡ. ಜೊತೆಗೆ ಉಸಿರಾಟ ಕಷ್ಟ, ಎದೆನೋವು ಇದ್ದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ತುರ್ತು ಸಂಗತಿ ಎಲ್ಲರಿಗೂ ಗೊತ್ತಿರಬೇಕು. ಕಣಕಾಲಿನ ಹತ್ತಿರ ತೆಳುವಾದ ಉಬ್ಬಿದ ನರ ಸ್ನಾನ ಮಾಡುವಾಗಲೋ ಕೆರೆದುಕೊಂಡಾಗಲೋ ಒಡೆದರೆ ರಕ್ತ ಚಿಮ್ಮುತ್ತದೆ. ಗಾಬರಿಯಲ್ಲಿ ನಿಂತೇ ಇದ್ದು, ಕುರ್ಚಿಯಲ್ಲಿ ಕೂತೇ ಇದ್ದು ಪ್ರಾಣ ಕಳೆದುಕೊಂಡವರಿದ್ದಾರೆ. ಮಾಡಬೇಕಾದ್ದು ಇಷ್ಟೇ: ತಕ್ಷಣ ನೆಲದ ಮೇಲೆ ಮಲಗಿ. ಕಾಲನ್ನು ಗೋಡೆಗೋ ಕುರ್ಚಿಗೋ ಎತ್ತಿಡಿ. ಶುಭ್ರ ಬಟ್ಟೆಯಿಂದ ಅದೇ ಜಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ. ಕಾಲೆತ್ತಿದ ಕೂಡಲೇ ಆ ನಾಳದ ಒತ್ತಡ ಬಿದ್ದುಹೋಗುತ್ತದೆ. ಗಾಯದ ಮೇಲ್ಭಾಗಕ್ಕೆ ಹಗ್ಗ, ಟವೆಲ್ ಬಿಗಿಯಬೇಡಿ, ಅದರಿಂದ ರಕ್ತ ಇನ್ನೂ ಜಾಸ್ತಿ ಸುರಿಯುತ್ತದೆ. ರಕ್ತ ನಿಂತಮೇಲೂ ಡಾಕ್ಟರನ್ನು ಕಾಣಲೇಬೇಕು, ಮತ್ತೆ ಒಡೆಯುವ ಸಾಧ್ಯತೆ ಇರುತ್ತದೆ.

ತಡೆಗಟ್ಟುವ ವಿಷಯಕ್ಕೆ ಬರೋಣ. ಮನೆತನದಿಂದ ಬಂದ ದುರ್ಬಲ ಕವಾಟವನ್ನು ಯಾವ ವ್ಯಾಯಾಮವೂ ಗಟ್ಟಿ ಮಾಡುವುದಿಲ್ಲ. ಕೆಟ್ಟ ಕವಾಟವನ್ನು ಯಾವ ಮಾತ್ರೆ, ಎಣ್ಣೆ, ಲೇಪವೂ ರಿಪೇರಿ ಮಾಡಲ್ಲ. ಡಯಾಸ್ಮಿನ್ ಮಾತ್ರೆಗಳು ಕೆಲವರಿಗೆ ಭಾರ, ಊತ ಕಡಿಮೆ ಮಾಡುತ್ತವೆ, ಅಷ್ಟೇ. ನಮ್ಮ ಕೈಲಿರುವುದು ಒತ್ತಡವನ್ನು ದಿನಕ್ಕೆ ಹಲವು ಸಲ ಇಳಿಸುವುದು. ಅದೇನೂ ಸಣ್ಣ ಕೆಲಸವಲ್ಲ.

ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಅರ್ಧ ಗಂಟೆಗೊಮ್ಮೆ ಹದಿನೈದು ಇಪ್ಪತ್ತು ಸಲ. ಕೂತು ಕೆಲಸ ಮಾಡುವವರು ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು, ಗಂಟೆಗೊಮ್ಮೆ ಎದ್ದು ನಡೆಯಬೇಕು. ಮೀನಖಂಡದ ಸ್ನಾಯು ಎಷ್ಟು ಬಲವಾಗಿದ್ದರೂ ಪಾದದ ಕೀಲು ಮಡಚದಿದ್ದರೆ ಏನೂ ಪ್ರಯೋಜನವಿಲ್ಲ. ಮಂಡಿನೋವಿನಿಂದ ಪಾದ ಎಳೆದುಕೊಂಡು ನಡೆಯುವ ಹಿರಿಯರಲ್ಲಿ ಕಾಲು ಊದಲು ಇದೂ ಒಂದು ಕಾರಣ. ಅವರಿಗೆ ಕುರ್ಚಿಯಲ್ಲಿ ಕೂತೇ ಪಾದ ಆಡಿಸುವುದನ್ನು ರೂಢಿ ಮಾಡಿಸಿ. ಸಂಜೆ ಅರ್ಧ ಗಂಟೆ ಮಲಗಿ ಕಾಲನ್ನು ಎದೆಗಿಂತ ಎತ್ತರ ಇಡಬೇಕು. ಸ್ಟೂಲ್ ಮೇಲೆ ಕಾಲು ಚಾಚಿ ಟಿವಿ ನೋಡಿದರೆ ಅಷ್ಟು ಎತ್ತರ ಆಗುವುದಿಲ್ಲ. ಯೋಗ ಮಾಡುವವರು ಕಾಲು ಮೇಲೆತ್ತಿ ಮಾಡುವ ವಿಪರೀತ ಕರಣಿಯೂ ಆ ಹೊತ್ತಿಗೆ ಹಾಯೆನಿಸುತ್ತದೆ. ರಾತ್ರಿಗೆ ಮಂಚದಲ್ಲಿ ನಾವು ಕಾಲು ಚಾಚುವ ಕಡೆ ಎರಡು ಇಟ್ಟಿಗೆ ಇಟ್ಟು ಆರೇಳು ಇಂಚು ಎತ್ತರಿಸುವ ಹಳೆಯ ಉಪಾಯ ಇವತ್ತಿಗೂ ಒಳ್ಳೆಯದೇ. ಹೃದಯದ ತೊಂದರೆ ಇದ್ದವರು ಮಾತ್ರ ಕೇಳಿ ಮಾಡಬೇಕು.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ತಂದೆತಾಯಿಯರು ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರುತ್ತಾರೆ. ವಿಮಾನದಲ್ಲಿ ಮೊಣಕಾಲಿನವರೆಗಿನ ಬಿಗಿ ಕಾಲುಚೀಲ ಹಾಕಿದರೆ ಗೊತ್ತಾಗದಂತೆ ಹೆಪ್ಪುಗಟ್ಟುವುದು ಬಹಳ ಕಡಿಮೆಯಾಗುತ್ತದೆ ಅನ್ನುವುದು ಚೆನ್ನಾಗಿ ರುಜುವಾತಾಗಿದೆ. ಮೂತ್ರಕ್ಕೆ ಏಳಬೇಕಾಗುತ್ತದೆ ಅಂತ ನೀರು ಕುಡಿಯದೇ ಕೂರಬೇಡಿ.

ಇಲ್ಲಿ ಹೇಳಿದ ಬಿಗಿ ಕಾಲುಚೀಲ, ಅಂದರೆ ಕಂಪ್ರೆಷನ್ ಸ್ಟಾಕಿಂಗ್, ಈ ರೋಗದಲ್ಲಿ ಬಹಳ ಉಪಯೋಗದ ಸಾಧನ. ಬಹಳ ಜನ ಕೊಂಡು ಬೀರುವಿನಲ್ಲಿ ಇಟ್ಟುಬಿಡುವುದೂ ಇದನ್ನೇ. ಕಣಕಾಲಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ ಬಿಗಿ ಇರುವಂತೆ ಇದನ್ನು ನೇಯ್ದಿರುತ್ತಾರೆ. ಸಾಮಾನ್ಯವಾಗಿ ಡಾಕ್ಟರು ಬರೆಯುವುದು 20–30 ಒತ್ತಡದ್ದು. ಮೆಡಿಕಲ್ ಶಾಪಿನಲ್ಲಿ "ಲಾರ್ಜ್ ಕೊಡಿ" ಅಂತ ಕೇಳಿ ತರುವಂಥದ್ದಲ್ಲ. ಬೆಳಿಗ್ಗೆ ಊತ ಇಲ್ಲದಾಗ ಕಣಕಾಲಿನ ಸಣ್ಣ ಸುತ್ತಳತೆ, ಮೀನಖಂಡದ ದಪ್ಪ ಸುತ್ತಳತೆ ಟೇಪಿನಲ್ಲಿ ಅಳೆದು ತರಬೇಕು. ಹೆಚ್ಚಿನವರಿಗೆ ಮೊಣಕಾಲಿನವರೆಗಿನದು ಸಾಕು.

ಹಾಕುವುದಕ್ಕೂ ಒಂದು ಕ್ರಮ ಇದೆ. ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲೇ ಹಾಕಬೇಕು. ಕಾಲ್ಚೈನು, ಕಾಲುಂಗುರ ಎಳೆಗೆ ಸಿಕ್ಕಿ ಕಾಲುಚೀಲ ಹರಿಯುತ್ತದೆ. ಚೈನು ತೆಗೆದಿಡಿ. ಕಾಲುಂಗುರ ತೆಗೆಯಲು ಇಷ್ಟವಿಲ್ಲದವರು ಬೆರಳು ತೆರೆದಿರುವ ಮಾದರಿ ಕೊಳ್ಳಬಹುದು. ಒಳಗೆ ಕೈ ಹಾಕಿ ಹಿಮ್ಮಡಿಯ ಭಾಗ ಹಿಡಿದು, ಅಲ್ಲಿಯವರೆಗೆ ಒಳಮೈ ಹೊರಗೆ ಬರುವಂತೆ ಮಗುಚಿ. ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತಮೇಲೆ ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಮೇಲೆ ಸವರಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಮೇಲಿನ ಅಂಚನ್ನು ಮಡಚಬಾರದು. ಮಡಚಿದ ಜಾಗ ದುಪ್ಪಟ್ಟು ಬಿಗಿಯಾಗಿ ರಕ್ತವನ್ನು ಅಲ್ಲೇ ಕಟ್ಟುತ್ತದೆ. ರಾತ್ರಿ ಮಲಗುವಾಗ ತೆಗೆಯಿರಿ. ಬಗ್ಗಲಾಗದ ಹಿರಿಯರಿಗೆ ವೆಲ್ಕ್ರೋ ಪಟ್ಟಿಯ ಮಾದರಿಗಳಿವೆ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದು ನಿಲ್ಲಬೇಕಾದವರು ಕೇಳದೆ ಬಿಗಿ ಕಾಲುಚೀಲ ಹಾಕಬಾರದು. ಅವರಲ್ಲಿ ಕಾಲಿಗೆ ರಕ್ತ ತರುವ ಅಪಧಮನಿಯೇ ಕಟ್ಟಿರಬಹುದು. ಅದರ ಮೇಲೆ ಬಿಗಿದರೆ ಬೆರಳುಗಳೇ ಕೊಳೆಯಬಹುದು. ಕೈಯ ಬಿಪಿಗೂ ಕಾಲಿನ ಬಿಪಿಗೂ ಹೋಲಿಸಿ ನೋಡುವ ಸರಳ ಪರೀಕ್ಷೆ ಇದೆ, ಅದನ್ನು ಮಾಡಿಸಿ.

ಯಾವ ನಾಳ ಕೆಟ್ಟಿದೆ ಅಂತ ತಿಳಿಯಲು ಡಾಪ್ಲರ್ ಸ್ಕ್ಯಾನ್ ಬೇಕು. ನಿಲ್ಲಿಸಿ ಮಾಡಬೇಕು, ಮಲಗಿಸಿ ಮಾಡಿದರೆ ಜಾರುವ ರಕ್ತ ಸರಿಯಾಗಿ ಕಾಣುವುದಿಲ್ಲ. ಮೀನಖಂಡ ಹಿಂಡಿ ಬಿಟ್ಟಾಗ ಮೇಲ್ಪದರದ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ರಕ್ತ ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ಈ ಸ್ಕ್ಯಾನ್ ಇಲ್ಲದೆ ನಾಳ ಮುಚ್ಚುವ ಲೇಸರ್ ಚಿಕಿತ್ಸೆ ಮಾಡಿಸಲು ಒಪ್ಪಬೇಡಿ. ಎಳೆಎಳೆ ಗೆರೆ ಮಾತ್ರ ಇದ್ದು ಮುಖ್ಯ ನಾಳ ಸರಿಯಿದ್ದವರಿಗೆ ಲೇಸರಿನ ಅಗತ್ಯವೇ ಇಲ್ಲ.

ಅಗತ್ಯ ಇದ್ದವರಿಗೆ ಈಗಿನ ಚಿಕಿತ್ಸೆ ಹಿಂದಿನಷ್ಟು ಹೆದರುವಂಥದ್ದಲ್ಲ. ಮೊದಲು ತೊಡೆಸಂದಿನಲ್ಲಿ ಕೊಯ್ದು ನಾಳವನ್ನೇ ಎಳೆದು ತೆಗೆಯುತ್ತಿದ್ದರು. ಈಗ ಮೊಣಕಾಲಿನ ಹತ್ತಿರ ಸೂಜಿಯಿಂದ ಸಣ್ಣ ತಂತು ತೂರಿಸಿ, ಲೇಸರ್ ಅಥವಾ ರೇಡಿಯೋ ತರಂಗದ ಬಿಸಿಯಿಂದ ನಾಳವನ್ನು ಒಳಗಿಂದಲೇ ಮುಚ್ಚುತ್ತಾರೆ. ಸ್ಥಳೀಯ ಅರಿವಳಿಕೆ ಸಾಕು, ಅವತ್ತೇ ನಡೆಯಬಹುದು. ಕೆಲವರಿಗೆ ನೊರೆಯ ಇಂಜೆಕ್ಷನ್, ಕೆಲವರಿಗೆ ವೈದ್ಯಕೀಯ ಅಂಟು. ನಾಳ ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಕೆಟ್ಟ ನಾಳ ಹೇಗೂ ರಕ್ತವನ್ನು ಕೆಳಗೇ ತಳ್ಳುತ್ತಿತ್ತು. ಹೊರೆ ಹೊತ್ತಿದ್ದು ಆಳದ ನಾಳಗಳೇ. ಹೊಸ ಜಾಗದಲ್ಲಿ ನರ ಮತ್ತೆ ಉಬ್ಬುವ ಸಾಧ್ಯತೆ ಮಾತ್ರ ಇದ್ದೇ ಇದೆ, ಅದನ್ನು ಮೊದಲೇ ಹೇಳುವ ಡಾಕ್ಟರನ್ನು ನಂಬಿ.

ಹುಣ್ಣಾದವರ ಪಾಡು ನೋಡಿದರೆ ಬೇಸರವಾಗುತ್ತದೆ. ಅರಿಶಿನ, ಪೌಡರ್, ಹತ್ತು ಬಗೆಯ ಮುಲಾಮು, ಸಾಲುಸಾಲು ಆಂಟಿಬಯೋಟಿಕ್. ಒತ್ತಡ ಇಳಿಸದೆ ಇವನ್ನೆಲ್ಲ ಹಚ್ಚುವುದು ನಲ್ಲಿ ಬಿಟ್ಟುಕೊಂಡೇ ನೆಲ ಒರೆಸಿದ ಹಾಗೆ. ನಿಯೋಮೈಸಿನ್ ಇರುವ ಪೌಡರ್, ಮುಲಾಮಿಗೆ ಇಂಥ ಚರ್ಮ ಅಲರ್ಜಿಯಾಗಿ ಗಾಯ ಇನ್ನೂ ದೊಡ್ಡದಾಗುವುದೂ ಉಂಟು. ಸೋಂಕು ಇದ್ದಾಗ ಮಾತ್ರ ಆಂಟಿಬಯೋಟಿಕ್ ಬೇಕು. ಮುಖ್ಯ ಚಿಕಿತ್ಸೆ ಪಾದದಿಂದ ಮೊಣಕಾಲಿನವರೆಗೆ ಪದರಪದರವಾಗಿ ಸುತ್ತುವ ಬಿಗಿ ಬ್ಯಾಂಡೇಜು, ತರಬೇತಿ ಇದ್ದವರು ಸುತ್ತಬೇಕು. ವರ್ಷಗಟ್ಟಲೆ ಮಾಗದ, ಅಂಚು ಎದ್ದುಬಂದ ಗಾಯವಾದರೆ ಒಂದು ಚೂರು ತೆಗೆದು ಕ್ಯಾನ್ಸರ್ ಪರೀಕ್ಷೆಗೂ ಕಳಿಸಬೇಕು.

ಮೊದಲೆಲ್ಲ "ಹುಣ್ಣು ಮಾಗಲಿ, ಆಮೇಲೆ ನಾಳ ನೋಡೋಣ" ಅನ್ನುತ್ತಿದ್ದರು. ಬ್ರಿಟನ್ನಿನ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಎವ್ರಾ ಅಧ್ಯಯನ ಅದನ್ನು ತಿರುಗಿಸಿತು. ಎರಡು ವಾರದೊಳಗೆ ಕೆಟ್ಟ ನಾಳ ಮುಚ್ಚಿಸಿಕೊಂಡು ಬ್ಯಾಂಡೇಜನ್ನೂ ಕಟ್ಟಿಸಿಕೊಂಡವರ ಹುಣ್ಣು ಮಾಗಲು ಹಿಡಿದ ಮಧ್ಯಮ ಅವಧಿ 56 ದಿನ. ಕಾದವರಿಗೆ 82 ದಿನ. ಅದಕ್ಕೂ ಮೊದಲು, 2004ರ ಎಸ್ಕಾರ್ ಅಧ್ಯಯನದಲ್ಲಿ ಬರೀ ಬ್ಯಾಂಡೇಜು ಮತ್ತು ಕಾಲುಚೀಲ ಪಡೆದವರಲ್ಲಿ ವರ್ಷದೊಳಗೆ ಶೇಕಡ 28 ಜನಕ್ಕೆ ಹುಣ್ಣು ಮರುಕಳಿಸಿತ್ತು. ಜೊತೆಗೆ ಆಪರೇಷನ್ನೂ ಆದವರಲ್ಲಿ ಶೇಕಡ 12 ಮಾತ್ರ. ಹಾಗಾಗಿ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿಸಲು ಹೋದ ಮೊದಲ ದಿನವೇ ನಾಳದ ಸ್ಕ್ಯಾನ್ ಯಾವಾಗ ಅಂತ ಕೇಳಿ. ಗಾಯ ಮಾಗಿದ ಮೇಲೂ ಕಾಲುಚೀಲ ಬಿಡಬೇಡಿ. ತೊಳೆದೂ ತೊಳೆದೂ ಅದರ ಬಿಗಿ ಆರು ತಿಂಗಳಲ್ಲಿ ಸಡಿಲವಾಗುತ್ತದೆ, ಆಗ ಹೊಸ ಜೊತೆ ಕೊಳ್ಳಬೇಕು, ಕೊಳ್ಳುವ ಮುಂಚೆ ಕಾಲಿನ ಅಳತೆಯನ್ನೂ ಹೊಸದಾಗಿ ತೆಗೆಯಬೇಕು.